ಸ್ಟ್ರೋಕ್ ಆದ ಅಪ್ಪನ ಹೆಜ್ಜೆಯನ್ನು ಬ್ಯಾಂಡ್ ಎಣಿಸುತ್ತಿಲ್ಲ. ಮನೆ ವ್ಯಾಯಾಮಕ್ಕೆ ಇದರಿಂದ ನಿಜಕ್ಕೂ ಉಪಯೋಗ ಇದೆಯಾ?

ಅರಸೀಕೆರೆ ಮಗಳು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಎರಡರ ಸ್ವಾಧೀನವೂ ತಪ್ಪಿತ್ತು. ಈಗ ಕಾಲು ಸುಮಾರಾಗಿ ಬಂದಿದೆ. ಊರುಗೋಲು ಹಿಡಿದು ಜಗುಲಿಯಿಂದ ಹಿತ್ತಲಿನ ಬಾವಿವರೆಗೆ ಹೋಗಿ ಬರುತ್ತಾರೆ. ಕೈ ಮಾತ್ರ ಇನ್ನೂ ಅಷ್ಟಕ್ಕಷ್ಟೆ. ಭುಜ ಎತ್ತುತ್ತಾರೆ, ಬೆರಳು ಮಡಚುತ್ತಾರೆ, ಬಿಡಿಸೋದು ಕಷ್ಟ.

ಮೊದಲ ಆರು ವಾರ ವ್ಯಾಯಾಮ ಮಾಡಿಸುವ ಫಿಸಿಯೋ ಮನೆಗೇ ಬರುತ್ತಿದ್ದರು. ಈಗ ಹದಿನೈದು ದಿನಕ್ಕೊಮ್ಮೆ. ಉಳಿದ ದಿನ ಅಮ್ಮನೇ ಮಾಡಿಸಬೇಕು. ನಾನು ಇರೋದು ಬೆಂಗಳೂರಿನಲ್ಲಿ. ಅಪ್ಪ ಎಷ್ಟು ನಡೆದರು ಅಂತ ನಮಗೂ ಗೊತ್ತಾಗಲಿ, ಅವರಿಗೂ ಹುಮ್ಮಸ್ಸು ಬರಲಿ ಅಂತ ತಮ್ಮ ವಾಚಿನ ಹಾಗೆ ಕೈಗೆ ಕಟ್ಟುವ, ಹೆಜ್ಜೆ ಎಣಿಸುವ ಒಂದು ಬ್ಯಾಂಡ್ ತಂದುಕೊಟ್ಟ.

ಮೊನ್ನೆ ಶನಿವಾರ ಊರಿಗೆ ಹೋದಾಗ ಅಪ್ಪನ ಹಿಂದೆಯೇ ನಡೆದು ನಾನೇ ಎಣಿಸಿದೆ. 212 ಹೆಜ್ಜೆ. ಬ್ಯಾಂಡ್ ತೋರಿಸಿದ್ದು 31. ಅಪ್ಪನೂ ನೋಡಿದರು. "ಬಿಡು ಮಗಾ, ನಾನು ನಡೆದದ್ದು ಲೆಕ್ಕಕ್ಕೇ ಬರಲ್ಲ" ಅಂದರು. ಭಾನುವಾರ ಹಿತ್ತಲಿಗೆ ಹೋಗಲೇ ಇಲ್ಲ. ನನಗೆ ಕರುಳು ಕಿವುಚಿದ ಹಾಗಾಯಿತು.

ದುಬಾರಿ ವಾಚು ತಂದರೆ ಸರಿಯಾಗಿ ಎಣಿಸುತ್ತಾ? ಅಥವಾ ಇದೆಲ್ಲ ಗಟ್ಟಿಮುಟ್ಟಾಗಿ ಇರುವವರಿಗೆ ಮಾತ್ರವಾ? ಕೈ ವ್ಯಾಯಾಮಕ್ಕೆ ಏನಾದರೂ ಇದೆಯಾ? ಮನೆಯಲ್ಲಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾಫಿತೋಟ · ರಾತ್ರಿ 9:52

ಬ್ಯಾಂಡ್ ಯಾವ ಕೈಗೆ ಕಟ್ಟಿದ್ದೀರಿ?

ಅರಸೀಕೆರೆ ಮಗಳು · ರಾತ್ರಿ 9:55

ಬಲಗೈಗೆ. ಊರುಗೋಲು ಹಿಡಿಯುವ ಕೈ.

ಸೆನ್ಸರ್ ಹುಡುಗ · ರಾತ್ರಿ 10:08

ಅಲ್ಲೇ ಇದೆ ತೊಂದರೆ. ವಾಚು ಕೆಟ್ಟಿಲ್ಲ, ಅಪ್ಪನ ನಡಿಗೆಯಲ್ಲೂ ತಪ್ಪಿಲ್ಲ.

ಬ್ಯಾಂಡ್ ಒಳಗೆ ಇರೋದು ಅಕ್ಸೆಲೆರೋಮೀಟರ್. ಮೂರು ದಿಕ್ಕಿನ ಅಲುಗಾಟವನ್ನು ಅಳೆಯುವ ಸಣ್ಣ ಚಿಪ್. ಅದು ನೆಲವನ್ನೂ ನೋಡಲ್ಲ, ಕಾಲನ್ನೂ ನೋಡಲ್ಲ. ನಡೆಯುವಾಗ ಕೈ ಬೀಸುತ್ತೇವಲ್ಲ, ಆ ಬೀಸಿನ ತಾಳವನ್ನು ಹಿಡಿದು ಇಷ್ಟು ಹೆಜ್ಜೆ ಅಂತ ಲೆಕ್ಕ ಹಾಕುತ್ತದೆ. ಊರುಗೋಲು ಹಿಡಿದ ಕೈ ಬೀಸುವುದೇ ಇಲ್ಲ. ನಡಿಗೆಯೂ ನಿಧಾನ. ಹಾಗಾಗಿ ಅದು "ಈ ಮನುಷ್ಯ ಕೂತಿದ್ದಾನೆ" ಅಂದುಕೊಳ್ಳುತ್ತದೆ. ವಾಕರ್ ಹಿಡಿದವರಿಗೂ ಇದೇ ಕಥೆ. ಐವತ್ತು ಸಾವಿರದ ವಾಚು ತಂದರೂ ಮಣಿಕಟ್ಟಿಗೆ ಕಟ್ಟಿದರೆ ಹೆಚ್ಚು ಬದಲಾಗಲ್ಲ. ದುಡ್ಡು ಉಳಿಸಿ.

ತಮಾಷೆ ಅಂದರೆ ಹೊಂಡ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸಿದರೆ ಇದೇ ಬ್ಯಾಂಡ್ ನೂರಾರು ಹೆಜ್ಜೆ ಸೇರಿಸುತ್ತದೆ.

ದಾವಣಗೆರೆ ಫಿಸಿಯೋ · ರಾತ್ರಿ 10:31

ಮೇಲಿನವರು ಹೇಳಿದ್ದು ಸರಿ. ಮೇಡಂ, ಬ್ಯಾಂಡನ್ನು ಬಿಚ್ಚಿ ಬಲಗಾಲಿನ ಕಣಕಾಲಿಗೆ ಕಟ್ಟಿ. ಸ್ಟ್ರೋಕ್ ಆದವರ ನಿಧಾನ ನಡಿಗೆಯಲ್ಲಿ ಮಣಿಕಟ್ಟಿಗಿಂತ ಕಣಕಾಲಿನ ಎಣಿಕೆ ಎಷ್ಟೋ ಪಾಲು ಸರಿಯಾಗಿ ಬರುತ್ತದೆ ಅಂತ ಅಧ್ಯಯನಗಳಲ್ಲೂ ಕಂಡಿದೆ. ನನ್ನ ಕಡೆ ಬರುವವರಲ್ಲೂ ನೋಡಿದ್ದೇನೆ. ಗಟ್ಟಿ ಇರುವ ಕಾಲಿಗೇ ಕಟ್ಟಿ. ಸೋತ ಕಾಲಿನಲ್ಲಿ ಬಾವು ಇರುತ್ತದೆ, ಸ್ಪರ್ಶವೂ ಕಡಿಮೆ ಇರಬಹುದು. ಪಟ್ಟಿ ಬಿಗಿಯಾಗಿ ಗಾಯ ಆದರೂ ಅವರಿಗೆ ತಿಳಿಯಲ್ಲ.

ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡಿ. ನೀವೇ ಎಣಿಸಿ 50 ಹೆಜ್ಜೆ ನಡೆಸಿ. ಮೂರು ಸಲ. ಬ್ಯಾಂಡ್ 45ರ ಆಚೆ ಈಚೆ ತೋರಿಸಿದರೆ ಸಾಕು. ದಿನಾ ಒಂದೇ ತರಹ ತಪ್ಪಿದರೂ ಪರವಾಗಿಲ್ಲ. ನಮಗೆ ಬೇಕಾಗಿರೋದು ನಿನ್ನೆಗಿಂತ ಇವತ್ತು ಹೇಗಿದೆ ಅನ್ನೋದು.

ಮತ್ತೆ ಅಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳಿ, ತಪ್ಪು ಬ್ಯಾಂಡ್ ಕಟ್ಟಿದ ಜಾಗದ್ದು ಅಂತ. ಇದನ್ನು ನಾಳೆಗೆ ಬಿಡಬೇಡಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. "ಲೆಕ್ಕಕ್ಕೇ ಬರಲ್ಲ" ಅನ್ನುವ ಮಾತನ್ನು ಸುಮ್ನೆ ಬಿಡುವ ಹಾಗಿಲ್ಲ.

ಸೆನ್ಸರ್ ಹುಡುಗ · ರಾತ್ರಿ 10:44

ಒಂದು ಸೇರಿಸುತ್ತೇನೆ. ಕಣಕಾಲಿಗೆ ಕಟ್ಟಿದಾಗ ಕೆಲವು ಬ್ಯಾಂಡ್ ಒಂದು ಕಾಲಿನ ಹೆಜ್ಜೆಯನ್ನು ಮಾತ್ರ ಎಣಿಸುತ್ತವೆ. 50 ನಡೆದರೆ 25 ಅಂತ ಬರುತ್ತದೆ. ಆಗ ಎರಡರಿಂದ ಗುಣಿಸಿಕೊಳ್ಳಿ. ಅದಕ್ಕೇ ಆ 50 ಹೆಜ್ಜೆ ಪರೀಕ್ಷೆ ಬೇಕೇ ಬೇಕು. ಪಟ್ಟಿ ಸಾಲದಿದ್ದರೆ ಉದ್ದದ ವೆಲ್ಕ್ರೋ ಪಟ್ಟಿ ಸಿಗುತ್ತದೆ. ಕಾಲಿಗೆ ಕಟ್ಟಿದಾಗ ತೋರಿಸುವ ಹೃದಯ ಬಡಿತವನ್ನು ನಂಬಬೇಡಿ. ಅದು ಹಸಿರು ಬೆಳಕು ಬಿಟ್ಟು ಚರ್ಮದ ಕೆಳಗಿನ ರಕ್ತದ ಓಟ ನೋಡಿ ಹೇಳುವ ಅಂದಾಜು. ಮಣಿಕಟ್ಟಿಗೆ ಅಂತ ಮಾಡಿದ್ದು.

ನಂಜನಗೂಡು ರಸಬಾಳೆ · ರಾತ್ರಿ 11:02

ನಾನು ಇದಕ್ಕೆ ವಿರುದ್ಧ. ನಮ್ಮ ತಾಯಿಗೆ ಸ್ಟ್ರೋಕ್ ಆದಾಗ ನಾವೂ ವಾಚು, ಆ್ಯಪು ಅಂತ ಎಲ್ಲ ಮಾಡಿದೆವು. ಎರಡು ವಾರ ಆದ ಮೇಲೆ ಡ್ರಾಯರಿನಲ್ಲಿ ಬಿತ್ತು. ಅದೇ ದುಡ್ಡಿಗೆ ಫಿಸಿಯೋವನ್ನು ಇನ್ನೂ ಹತ್ತು ದಿನ ಕರೆಸಬಹುದಿತ್ತು.

2018ರ ಕಾಕ್ರೇನ್ ವಿಮರ್ಶೆ ಓದಿ ನೋಡಿ. ಕಾಕ್ರೇನ್ ಅಂದರೆ ಒಂದು ಚಿಕಿತ್ಸೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಸಂಸ್ಥೆ. ಸ್ಟ್ರೋಕ್ ಆದವರಿಗೆ ಇಂಥ ಹೆಜ್ಜೆ ಎಣಿಸುವ ಸಾಧನ ಕೊಟ್ಟರೆ ಓಡಾಟ ಹೆಚ್ಚುತ್ತಾ ಅಂತ ಹುಡುಕಿದರು. ಸಿಕ್ಕಿದ್ದು ನಾಲ್ಕೇ ಪ್ರಯೋಗ, ಒಟ್ಟು 274 ಜನ. ಹೆಚ್ಚುತ್ತದೆ ಅಂತ ಹೇಳುವಷ್ಟು ಆಧಾರ ಸಿಗಲಿಲ್ಲ. ಹೀಗಿರುವಾಗ ಜನರಿಗೆ ಯಾಕೆ ಆಸೆ ಹುಟ್ಟಿಸಬೇಕು?

ಕಾಫಿತೋಟ · ರಾತ್ರಿ 11:10

274 ಜನರನ್ನು ನೋಡಿ "ಉಪಯೋಗ ಇಲ್ಲ" ಅನ್ನೋದು ಬೇರೆ, "ಇನ್ನೂ ಗೊತ್ತಿಲ್ಲ" ಅನ್ನೋದು ಬೇರೆ ಅಲ್ವಾ?

ನಂಜನಗೂಡು ರಸಬಾಳೆ · ರಾತ್ರಿ 11:15

ಒಪ್ಪಿದೆ. ಆದರೆ ಮನೆಯವರೇ ಮಾಡಿಸಿದರೆ ಸಾಕು ಅನ್ನೋದಕ್ಕೂ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. ಅಟೆಂಡ್ ಅಂತ ದೊಡ್ಡ ಪ್ರಯೋಗ. ಭಾರತದ 14 ಆಸ್ಪತ್ರೆ, 1,250 ರೋಗಿಗಳು. ಅರ್ಧ ಜನರ ಮನೆಯವರಿಗೆ ವ್ಯಾಯಾಮ ಮಾಡಿಸೋದು ಹೇಗೆ ಅಂತ ತರಬೇತಿ ಕೊಟ್ಟರು. 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳಾದ ಮೇಲೆ ಎರಡೂ ಗುಂಪು ಒಂದೇ. ಫಿಸಿಯೋ ಜಾಗದಲ್ಲಿ ಅಮ್ಮನನ್ನೂ ವಾಚನ್ನೂ ಕೂರಿಸಬೇಡಿ ಅಂತ ಅದಕ್ಕೇ ಹೇಳುತ್ತಿರೋದು.

ದಾವಣಗೆರೆ ಫಿಸಿಯೋ · ಮಂಗಳವಾರ ಬೆಳಿಗ್ಗೆ 6:50

ಸರ್, ಅಟೆಂಡ್ ಬಗ್ಗೆ ನೀವು ಹೇಳಿದ ಅಂಕಿ ಸರಿ. ಅದರಿಂದ ತೆಗೆದ ಅರ್ಥ ಪೂರ್ತಿ ಸರಿ ಇಲ್ಲ. ಆ ಇನ್ನೊಂದು ಗುಂಪಿಗೂ ಮಾಮೂಲಿ ಚಿಕಿತ್ಸೆ ಇತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಮನೆಯವರಿಗೆ ಕಲಿಸಿ ಕಳಿಸಿದರೆ ಅಷ್ಟೇ ಸಾಲದು ಅನ್ನೋದು ಅದರಿಂದ ತಿಳಿಯಿತು. ಮನೆಯಲ್ಲಿ ವ್ಯಾಯಾಮ ಮಾಡೋದೇ ವ್ಯರ್ಥ ಅಂತ ಅದು ಹೇಳಿಲ್ಲ.

ಫಿಸಿಯೋ ಬಂದು ಹೋಗುವ ಒಂದು ಗಂಟೆಯಲ್ಲೂ ಎಷ್ಟು ಕೆಲಸ ಆಗುತ್ತದೆ ನೋಡಿ. ಅಮೆರಿಕ, ಕೆನಡಾದ ಕೇಂದ್ರಗಳಲ್ಲಿ 312 ಚಿಕಿತ್ಸಾ ಅವಧಿಗಳನ್ನು ಪಕ್ಕದಲ್ಲೇ ಕೂತು ಎಣಿಸಿದರು. 2009ರಲ್ಲಿ ಪ್ರಕಟವಾಯಿತು. ಕೈಯಿಂದ ಒಂದು ಉಪಯೋಗದ ಕೆಲಸ ಮಾಡಿಸಿದ್ದು, ಅಂದರೆ ಲೋಟ ಹಿಡಿಯೋದು, ಎತ್ತಿಡೋದು ಇಂಥದ್ದು, ಒಂದು ಅವಧಿಗೆ ಸರಾಸರಿ 32 ಸಲ. ಮಿದುಳು ಹೊಸ ದಾರಿ ಮಾಡಿಕೊಳ್ಳುತ್ತದೆ ಅಂತ ತೋರಿಸಿದ ಪ್ರಾಣಿ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ. ಈ ಅಂತರವನ್ನು ತುಂಬೋದು ನಾನಲ್ಲ, ಉಳಿದ 23 ಗಂಟೆ. ಬ್ಯಾಂಡ್ ಆ 23 ಗಂಟೆಯ ಸುದ್ದಿಯನ್ನು ನನಗೆ ತಂದುಕೊಟ್ಟರೆ ನನ್ನ ಒಂದು ಗಂಟೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಷ್ಟೇ ನಾನು ಅದರಿಂದ ಬಯಸೋದು.

ಎರಡನೇ ಇನಿಂಗ್ಸ್ · ಮಂಗಳವಾರ ಬೆಳಿಗ್ಗೆ 11:20

ನಾನು ಸ್ಟ್ರೋಕ್ ಆದವನೇ. ಮೂರು ವರ್ಷ ಆಯಿತು. ಆಗ 51 ವಯಸ್ಸು. ಬಲಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ನಿಧಾನ ಆಗುತ್ತದೆ.

ಅಕ್ಕ, ನಿಮ್ಮ ಅಪ್ಪನ ಕಾಲಿನ ಬಗ್ಗೆ ಎಲ್ಲರೂ ಹೇಳಿದರು. ನಾನು ಕೈ ಬಗ್ಗೆ ಹೇಳುತ್ತೇನೆ. ಕಾಲು ಹೇಗೋ ಬರುತ್ತದೆ, ಯಾಕಂದರೆ ನಡೆಯೋಕೆ ಎರಡೂ ಕಾಲು ಬೇಕೇ ಬೇಕು. ಕೈ ಹಾಗಲ್ಲ. ಒಂದು ಕೈಯಲ್ಲಿ ಜೀವನ ನಡೆದುಹೋಗುತ್ತದೆ. ಊಟ, ಹಲ್ಲುಜ್ಜೋದು, ಫೋನ್ ಎಲ್ಲ ಬಲಗೈ. ಎಡಗೈ ತೊಡೆ ಮೇಲೆ ಮಲಗಿರುತ್ತದೆ. ಫಿಸಿಯೋ ಮುಂದೆ ನಾನು ಲೋಟ ಎತ್ತುತ್ತಿದ್ದೆ. ಅವರು ಗೇಟು ದಾಟಿದ ಕೂಡಲೇ ಆ ಕೈ ನನಗೆ ಮರೆತೇ ಹೋಗುತ್ತಿತ್ತು. ಸೋಮಾರಿತನ ಅಂತ ಮನೆಯವರು ಅಂದುಕೊಂಡರು. ಅಲ್ಲ. ನಿಜವಾಗಿ ಮರೆಯುತ್ತದೆ.

ನನ್ನ ಫಿಸಿಯೋ ಒಂದು ಉಪಾಯ ಮಾಡಿದರು. ಸಾಧಾರಣ ಬ್ಯಾಂಡನ್ನು ಎಡಗೈಗೆ ಕಟ್ಟಿಸಿ ಗಂಟೆಗೊಮ್ಮೆ ನಡುಗುವ ಹಾಗೆ ಅಲಾರಂ ಇಟ್ಟರು. ಅದು ನಡುಗಿದಾಗ ಎಡಗೈಯಿಂದ ಹತ್ತು ಸಲ ಏನಾದರೂ ಮಾಡಬೇಕು. ಟೇಬಲ್ ಒರೆಸೋದು, ಸ್ವಿಚ್ ಒತ್ತೋದು, ಬಟಾಣಿ ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕೋದು. ಅಷ್ಟೆ. ಅಂಕಿ ಸಂಖ್ಯೆ ಏನೂ ನೋಡುತ್ತಿರಲಿಲ್ಲ. ಮೊದಲ ವಾರ ಆ ನಡುಕ ಬಂದಾಗಲೆಲ್ಲ "ಓ, ಇವನೊಬ್ಬ ಇದ್ದಾನೆ" ಅಂತ ನೆನಪಾಗುತ್ತಿತ್ತು.

ಐದನೇ ತಿಂಗಳು ಮುದ್ದೆ ತಟ್ಟೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದೆ, ಬಲಗೈಯಲ್ಲಿ ಮುರಿದೆ. ಹೆಂಡತಿ ಅಡುಗೆಮನೆಯಿಂದ ನೋಡುತ್ತಾ ನಿಂತುಬಿಟ್ಟಳು. ನನಗೆ ಗೊತ್ತೇ ಆಗಿರಲಿಲ್ಲ ನಾನು ಹಿಡಿದಿದ್ದೇನೆ ಅಂತ. ಅಲಾರಂ ಇಲ್ಲದೇ ಹಿಡಿದಿದ್ದೆ.

ಕರಾವಳಿ ಅಕ್ಕ · ಮಂಗಳವಾರ ಮಧ್ಯಾಹ್ನ 12:05

ಓದಿ ಕಣ್ಣು ತುಂಬಿತು ಅಣ್ಣ. ಹೀಗೇ ಬರೆಯುತ್ತಿರಿ.

ದಾವಣಗೆರೆ ಫಿಸಿಯೋ · ಮಂಗಳವಾರ ಮಧ್ಯಾಹ್ನ 1:30

ಇವರು ಹೇಳಿದ ಮರೆವಿಗೆ ನಮ್ಮಲ್ಲಿ ಹೆಸರೇ ಇದೆ. ಬಳಸದೇ ಇರೋದನ್ನು ಕಲಿತುಬಿಡೋದು. ಅಲಬಾಮಾ ವಿಶ್ವವಿದ್ಯಾಲಯದ ಎಡ್ವರ್ಡ್ ಟಾಬ್ ಮಂಗಗಳಲ್ಲಿ ಮೊದಲು ಇದನ್ನು ಕಂಡರು. ಮುಂದೆ ಒಳ್ಳೆಯ ಕೈಗೆ ಗವಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಬಂತು. 2006ರಲ್ಲಿ ಅದರ ದೊಡ್ಡ ಪ್ರಯೋಗ ಪ್ರಕಟವಾಯಿತು. 222 ಜನ, ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರು, ಎರಡು ವಾರದ ಚಿಕಿತ್ಸೆ. ಅವರ ಕೈ ಬಳಕೆ ಚೆನ್ನಾಗಿ ಸುಧಾರಿಸಿತು.

ಆದರೆ ಯಾರೂ ಇದನ್ನು ಓದಿ ಮನೆಯಲ್ಲಿ ಒಳ್ಳೆಯ ಕೈ ಕಟ್ಟಿಹಾಕಬೇಡಿ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾನಾಗಿ ಹಿಂದಕ್ಕೆ ಏಳುವವರಿಗೆ ಮಾತ್ರ ಅದು. ಊರುಗೋಲು ಹಿಡಿಯುವವರ ಒಳ್ಳೆಯ ಕೈ ಕಟ್ಟಿದರೆ ಬೀಳುತ್ತಾರೆ.

ಇನ್ನೊಂದು ವಿಷಯ. ಗಟ್ಟಿ ಇರುವವರ ಎರಡೂ ಕೈಗೆ ಸೆನ್ಸರ್ ಕಟ್ಟಿ ನೋಡಿದ್ದಾರೆ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಬಲಗೈಯವರು ಬಲಗೈಯನ್ನೇ ಜಾಸ್ತಿ ಬಳಸುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಎರಡೂ ಕೈ ದಿನಕ್ಕೆ ಹೆಚ್ಚುಕಡಿಮೆ ಒಂದೇ ಹೊತ್ತು, ಸುಮಾರು 9 ಗಂಟೆ ಕೆಲಸ ಮಾಡುತ್ತವೆ. ಒಂದು ಕುಯ್ಯುತ್ತದೆ, ಇನ್ನೊಂದು ಹಿಡಿದಿರುತ್ತದೆ. ಹಾಗಾಗಿ ಎಡಗೈಗೆ "ಹಿಡಿದಿರುವ" ಕೆಲಸ ಕೊಡಿ. ತಟ್ಟೆ ಹಿಡಿಯೋದು, ಡಬ್ಬಿ ಅಲುಗದಂತೆ ಒತ್ತೋದು, ಕಾಗದ ಒತ್ತಿ ಹಿಡಿಯೋದು. ಅದೇ ಒಳ್ಳೆಯ ಶುರು.

ಮೇಷ್ಟ್ರು · ಮಂಗಳವಾರ ಸಂಜೆ 4:15

ನಮ್ಮ ಅಣ್ಣನಿಗೆ ಮನೆಯ ತೊಲೆಗೆ ರಾಟೆ ಹಾಕಿ ಹಗ್ಗ ಕಟ್ಟಿದ್ದೆವು. ಒಳ್ಳೆಯ ಕೈಯಿಂದ ಎಳೆದರೆ ಸೋತ ಕೈ ಮೇಲೆ ಹೋಗುತ್ತದೆ. ಬ್ಯಾಂಡ್ ಕಟ್ಟಿ ಎಣಿಸಿದರೆ ದಿನಕ್ಕೆ 200 ಸಲ ಆಗುತ್ತಿತ್ತು. ಖರ್ಚಿಲ್ಲದ ಉಪಾಯ. ನೀವೂ ಮಾಡಿ ನೋಡಿ.

ದಾವಣಗೆರೆ ಫಿಸಿಯೋ · ಮಂಗಳವಾರ ಸಂಜೆ 4:22

ಮೇಷ್ಟ್ರೇ, ದಯವಿಟ್ಟು ಬೇಡ. ಎಲ್ಲರಿಗೂ ಕೇಳಿಸಲಿ ಅಂತ ಒತ್ತಿ ಹೇಳುತ್ತೇನೆ. ಸ್ಟ್ರೋಕ್ ಆದವರ ಭುಜಕ್ಕೆ ತಲೆ ಮೇಲಿನ ರಾಟೆ ಬೇಡ. ಆ ಭುಜದ ಸುತ್ತಲಿನ ಸ್ನಾಯುಗಳು ಸಡಿಲ ಆಗಿರುತ್ತವೆ. ಮೂಳೆ ತನ್ನ ಗೂಡಿನಿಂದ ಸ್ವಲ್ಪ ಜಾರಿರುತ್ತದೆ. ಹಾಗೆ ಎಳೆದರೆ ಒಳಗಿನದ್ದು ಉಜ್ಜಿ ಭುಜ ನೋವು ಶುರುವಾಗುತ್ತದೆ. ನೋವು ಬಂದರೆ ಆ ಕೈಯನ್ನು ಅವರು ಮುಟ್ಟಿಸಿಕೊಳ್ಳೋದೇ ಇಲ್ಲ. ತಿಂಗಳುಗಟ್ಟಲೆ ಹಾಳು. ಹಾಸಿಗೆಯಿಂದ ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯೋದೂ ಅಷ್ಟೇ ತಪ್ಪು.

ಬ್ಯಾಂಡಿನ ದೊಡ್ಡ ಕೊರತೆ ಇಲ್ಲೇ ಕಾಣುತ್ತದೆ. 200 ಸಲ ಅಂತ ಅದು ಖುಷಿಯಾಗಿ ತೋರಿಸಿತು. ಆ ಕೈ ತಾನಾಗಿ ಎದ್ದಿತಾ, ಇನ್ನೊಂದು ಕೈ ಎಳೆದಿತಾ ಅಂತ ಅದಕ್ಕೆ ತಿಳಿಯಲ್ಲ. ಲೋಟ ಎತ್ತುವಾಗ ಮೈ ಪೂರ್ತಿ ಬಾಗಿಸಿ, ಭುಜ ಕಿವಿಗೆ ಏರಿಸಿ ಎತ್ತಿದರೂ ಅದರ ಲೆಕ್ಕದಲ್ಲಿ ಒಂದೇ. ಅದನ್ನು ನೋಡೋಕೆ ಕಣ್ಣು ಬೇಕು.

ಮೇಷ್ಟ್ರು · ಮಂಗಳವಾರ ಸಂಜೆ 5:40

ಅಣ್ಣನಿಗೆ ಭುಜ ನೋವು ಬಂದಿದ್ದು ನಿಜ. ಚಳಿಗೆ ಅಂದುಕೊಂಡಿದ್ದೆವು. ಇವತ್ತೇ ಹಗ್ಗ ಬಿಚ್ಚಿಸುತ್ತೇನೆ. ಹೇಳಿದ್ದಕ್ಕೆ ತುಂಬಾ ಉಪಕಾರ ಆಯಿತು.

ಫಿಟ್ ಹುಬ್ಬಳ್ಳಿ · ಮಂಗಳವಾರ ಸಂಜೆ 6:10

ಗುರಿ ದೊಡ್ಡದಾಗಿರಬೇಕು ರೀ. ದಿನಕ್ಕೆ 10,000 ಹೆಜ್ಜೆ ಇಟ್ಟುಕೊಳ್ಳಿ. ನಿಧಾನಕ್ಕೆ ಮುಟ್ಟುತ್ತಾರೆ.

ಸೆನ್ಸರ್ ಹುಡುಗ · ಮಂಗಳವಾರ ಸಂಜೆ 6:18

ಆ 10,000 ಯಾವ ಡಾಕ್ಟರೂ ಹೇಳಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಸೊಂಟಕ್ಕೆ ಕಟ್ಟುವ ಹೆಜ್ಜೆ ಮಾಪಕ ಮಾರಾಟಕ್ಕೆ ಬಂತು. ಮಾನ್ಪೋ-ಕೇ ಅಂತ ಹೆಸರು. ಅಂದರೆ "ಹತ್ತು ಸಾವಿರ ಹೆಜ್ಜೆ ಮಾಪಕ". ಆ ಹೆಸರೇ ಮುಂದೆ ಗುರಿ ಆಗಿಬಿಟ್ಟಿತು. ಬ್ಯಾಂಡ್ ಕೊಂಡ ಕೂಡಲೇ ಅದರಲ್ಲಿರುವ ಗುರಿಯನ್ನು ಬದಲಾಯಿಸಿ. 212 ನಡೆದವರಿಗೆ "ಇನ್ನೂ 9,788 ಬಾಕಿ" ಅಂತ ತೋರಿಸಿದರೆ ಯಾರಿಗೆ ಎದ್ದೇಳುವ ಮನಸ್ಸಾಗುತ್ತದೆ?

ಕರಾವಳಿ ಅಕ್ಕ · ಮಂಗಳವಾರ ರಾತ್ರಿ 8:00

ನಾನು 22 ವರ್ಷ ನರ್ಸ್ ಆಗಿದ್ದವಳು. ಹೃದಯ ಬಡಿತದ ಬಗ್ಗೆ ಒಂದು ಎಚ್ಚರಿಕೆ. "220ರಿಂದ ವಯಸ್ಸು ಕಳೆಯಿರಿ, ಅದೇ ನಿಮ್ಮ ಗರಿಷ್ಠ ಬಡಿತ" ಅನ್ನುವ ಲೆಕ್ಕ ಆ್ಯಪ್‌ಗಳಲ್ಲಿ ಇರುತ್ತದೆ. ಸ್ಟ್ರೋಕ್ ಆದ ತುಂಬಾ ಜನ ಬಿಪಿಗೆ, ಹೃದಯಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಅಂಥ ಮಾತ್ರೆ ತಗೊಳ್ಳುತ್ತಾರೆ. ಅವು ಬಡಿತವನ್ನು ಹೆಚ್ಚು ಏರೋಕೆ ಬಿಡಲ್ಲ. ವಾಚು "ಇನ್ನೂ ಸಾಲದು, ಜೋರಾಗಿ" ಅಂತ ಹೇಳುತ್ತಿರುತ್ತದೆ, ಇತ್ತ ಮನುಷ್ಯ ಸುಸ್ತಾಗಿ ಬಿದ್ದಿರುತ್ತಾನೆ.

ಅದಕ್ಕಿಂತ ಮಾತೇ ಒಳ್ಳೆಯ ಮಾಪಕ. ನಡೆಯುತ್ತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಸಾಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನುವವರು ಮಾಡಿದ 6ರಿಂದ 20ರವರೆಗಿನ ಶ್ರಮದ ಅಳತೆಯೂ ಇದೆ. ಎಷ್ಟು ಕಷ್ಟ ಅನಿಸುತ್ತಿದೆ ಅಂತ ರೋಗಿಯೇ ಹೇಳೋದು.

ವಾಚು ತೋರಿಸುವ ಬಿಪಿಯನ್ನು ನಂಬಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ತೋಳಿಗೆ ಸುತ್ತುವ ಮೆಷಿನ್ನೇ ಇಟ್ಟುಕೊಳ್ಳಿ, ಒಳ್ಳೆಯ ಕೈಯಲ್ಲಿ ನೋಡಿ.

ಧಾರವಾಡ ಪೇಡ · ಮಂಗಳವಾರ ರಾತ್ರಿ 8:25

ನಮ್ಮ ಮಾವನ ವಾಚು "ಬಡಿತದ ತಾಳ ತಪ್ಪಿದೆ" ಅಂತ ಎರಡು ಸಲ ಹೇಳಿತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದಾಗ ನಿಜಕ್ಕೂ ಆ ತೊಂದರೆ ಇತ್ತು. ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರು. ನನ್ನ ಪ್ರಕಾರ ಸ್ಟ್ರೋಕ್ ಆದ ಎಲ್ಲರಿಗೂ ಅಂಥ ವಾಚು ಕಡ್ಡಾಯ ಮಾಡಬೇಕು.

ಕರಾವಳಿ ಅಕ್ಕ · ಮಂಗಳವಾರ ರಾತ್ರಿ 8:41

ಮಾವನವರಿಗೆ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಆ ತಾಳ ತಪ್ಪುವ ತೊಂದರೆ ಇದ್ದವರಿಗೆ ಸ್ಟ್ರೋಕ್ ಸಾಧ್ಯತೆ ಸುಮಾರು ಐದು ಪಟ್ಟು. ಆದರೆ ಕಡ್ಡಾಯ ಅನ್ನೋದು ಅತಿ ಆಯಿತು. ಆಪಲ್ ವಾಚಿನ ಮೇಲೆ 4 ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ 2019ರಲ್ಲಿ ಬಂತು. ಎಚ್ಚರಿಕೆ ಬಂದವರಿಗೆ ಎದೆಗೆ ಇಸಿಜಿ ದಾಖಲಿಸುವ ಪ್ಯಾಚ್ ಅಂಟಿಸಿ ನೋಡಿದಾಗ 34% ಜನರಲ್ಲಿ ಆ ತೊಂದರೆ ಕಂಡಿತು. ಕೆಲವರಲ್ಲಿ ಅದು ಬಂದು ಹೋಗುತ್ತದೆ, ಅದೂ ನಿಜ. ಅಂದರೆ ಎಚ್ಚರಿಕೆ ಬಂದರೆ ಡಾಕ್ಟರ ಹತ್ತಿರ ಹೋಗಿ. ಬರದಿದ್ದರೆ ನಿಶ್ಚಿಂತೆ ಅಂತ ಕೂರಬೇಡಿ.

ಸೆನ್ಸರ್ ಹುಡುಗ · ಮಂಗಳವಾರ ರಾತ್ರಿ 8:50

ಆ ವಾಚಿನಲ್ಲಿ ಇಸಿಜಿ ತೆಗೆಯಬೇಕಾದರೆ ಇನ್ನೊಂದು ಕೈಯ ಬೆರಳನ್ನು ಗುಂಡಿ ಮೇಲೆ ಇಟ್ಟು ಅಲುಗದೇ ಕೂರಬೇಕು. ಒಳ್ಳೆಯ ಕೈಗೆ ಕಟ್ಟಿದರೆ ಸೋತ ಕೈಯ ಬೆರಳು ಅಲ್ಲಿ ನಿಲ್ಲಲ್ಲ. ಕೊಳ್ಳುವ ಮುಂಚೆ ಇಂಥದ್ದನ್ನೆಲ್ಲ ಯೋಚಿಸಿ. ಒಂದೇ ಕೈಯಲ್ಲಿ ಪಟ್ಟಿ ಹಾಕಿಕೊಳ್ಳೋಕೆ ಆಗುತ್ತಾ ಅನ್ನೋದನ್ನೂ ಅಂಗಡಿಯಲ್ಲೇ ನೋಡಿ. ಸಣ್ಣ ಬಕಲ್ ಇದ್ದರೆ ಆಗಲ್ಲ. ಎಳೆದರೆ ಹಿಗ್ಗುವ ಪಟ್ಟಿಯೋ ವೆಲ್ಕ್ರೋನೋ ಇರಲಿ.

ಫಿಟ್ ಹುಬ್ಬಳ್ಳಿ · ಮಂಗಳವಾರ ರಾತ್ರಿ 9:05

ವಿಷಯ ಬೇರೆ, ಕ್ಷಮಿಸಿ. ನಮ್ಮ ಓಣಿಯಲ್ಲಿ ಒಬ್ಬರಿಗೆ ಲಕ್ವ ಹೊಡೆದಾಗ ಪಾರಿವಾಳದ ರಕ್ತ ಹಚ್ಚಿದರು. ಇನ್ನೂ ಇದನ್ನು ಮಾಡುತ್ತಾರಾ?

ಕರಾವಳಿ ಅಕ್ಕ · ಮಂಗಳವಾರ ರಾತ್ರಿ 9:12

ಮಾಡುತ್ತಾರೆ. ಅದರಿಂದ ಹೋಗೋದು ಹೊತ್ತು, ಆ ಹೊತ್ತೇ ಪ್ರಾಣ. ರಕ್ತನಾಳ ಕಟ್ಟಿ ಆದ ಸ್ಟ್ರೋಕಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ. ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಬಾಯಿ ಸೊಟ್ಟ ಆಯಿತಾ, ಕೈ ಬಿತ್ತಾ, ಮಾತು ತೊದಲಿತಾ, ಕೂಡಲೇ 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿ ದಯವಿಟ್ಟು.

ಡಬ್ಲಿನ್ ಕನ್ನಡಿಗ · ಬುಧವಾರ ಬೆಳಗಿನ ಜಾವ 2:30

ನಾನು ದೂರದಲ್ಲಿರುವ ಮಗ. ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನೀವು ಮಾಡಬೇಡಿ.

ಅಪ್ಪ ಶಿವಮೊಗ್ಗದಲ್ಲಿ. ವಾಚಿನ ಲೆಕ್ಕ ನನ್ನ ಫೋನಿಗೆ ಬರುವ ಹಾಗೆ ಮಾಡಿಕೊಂಡಿದ್ದೆ. ಮಧ್ಯಾಹ್ನದವರೆಗೆ ಹೆಜ್ಜೆ ಕಡಿಮೆ ಇದ್ದರೆ ಫೋನ್ ಮಾಡುತ್ತಿದ್ದೆ. "ಯಾಕಪ್ಪ ಎದ್ದಿಲ್ಲ? ಅಮ್ಮ ಏನು ಮಾಡುತ್ತಿದ್ದಾಳೆ?" ನನಗೆ ಅದು ಕಾಳಜಿ. ಅವರಿಗೆ ಅದು ಕಾವಲು. ಒಂದು ದಿನ ಅಮ್ಮ ಹೇಳಿದಳು, "ನೀನು ಫೋನ್ ಮಾಡಿದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ ಕಣೋ, ಮೊದಲೆಲ್ಲ ನಿನ್ನ ಫೋನಿಗೆ ಕಾಯುತ್ತಿದ್ದರು." ಅವತ್ತು ಲೆಕ್ಕ ನೋಡೋದು ಬಿಟ್ಟೆ.

ಈಗ ಫೋನಿನಲ್ಲಿ ಅಡಿಕೆ ರೇಟು, ಮಳೆ, ಕ್ರಿಕೆಟ್ ಮಾತಾಡುತ್ತೇವೆ. ವಾಚಿನ ಲೆಕ್ಕವನ್ನು ಅಪ್ಪನೇ ವಾರಕ್ಕೊಮ್ಮೆ ಫಿಸಿಯೋಗೆ ತೋರಿಸುತ್ತಾರೆ. ಯಾರಿಗೆ ತೋರಿಸಬೇಕು ಅಂತ ಅವರೇ ತೀರ್ಮಾನ ಮಾಡಲಿ. ಅದು ಅವರ ಮೈ, ಅವರ ಲೆಕ್ಕ.

ಅರಸೀಕೆರೆ ಮಗಳು · ಬುಧವಾರ ಬೆಳಿಗ್ಗೆ 7:15

ಡಬ್ಲಿನ್ ಅಣ್ಣ, ನಾನೂ ಅದೇ ಮಾಡುತ್ತಿದ್ದೆ. ಇವತ್ತಿಂದ ಇಲ್ಲ.

ನಿನ್ನೆ ಅಮ್ಮ ಬ್ಯಾಂಡನ್ನು ಕಣಕಾಲಿಗೆ ಕಟ್ಟಿದರು. ಪಟ್ಟಿ ಕೊನೆ ತೂತಿಗೆ ಬಂತು. ಅಪ್ಪ "ಎತ್ತಿಗೆ ಗೆಜ್ಜೆ ಕಟ್ಟಿದ ಹಾಗಿದೆ" ಅಂದರಂತೆ. ನಕ್ಕರಂತೆ. ಎಷ್ಟೋ ದಿನ ಆಗಿತ್ತು.

ಒಂದು ಪ್ರಶ್ನೆ. ಅಪ್ಪನಿಗೆ ಇಂಗ್ಲಿಷ್ ಓದೋಕೆ ಬರಲ್ಲ, ಬ್ಯಾಂಡಿನಲ್ಲಿ ಎಲ್ಲ ಇಂಗ್ಲಿಷ್. ಏನು ಮಾಡೋದು?

ಎರಡನೇ ಇನಿಂಗ್ಸ್ · ಬುಧವಾರ ಬೆಳಿಗ್ಗೆ 9:00

ಅಂಕಿ ಒಂದು ಓದಿದರೆ ಸಾಕು, ಉಳಿದದ್ದು ಬೇಡ. ಗೋಡೆ ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ಅವರೇ ಬರೆಯಲಿ. ನಾನು ಎರಡು ಬಣ್ಣದ ಪೆನ್ನು ಇಟ್ಟಿದ್ದೆ. ಹೆಜ್ಜೆ ನೀಲಿ. ಕೈ ಕೆಲಸಕ್ಕೆ ಕೆಂಪು ಗೀಟು, ಐದು ಆದರೆ ಅಡ್ಡ ಗೀಟು, ಅಂಗಡಿ ಲೆಕ್ಕದ ಹಾಗೆ. ತಿಂಗಳ ಕೊನೆಗೆ ಹಾಳೆ ಹರಿದುಹಾಕಲಿಲ್ಲ. ಇನ್ನೂ ಇಟ್ಟಿದ್ದೇನೆ. ಸುಸ್ತಿನ ದಿನ ಖಾಲಿ ಬಿಡಲಿ, ಅದಕ್ಕೆ ಯಾರೂ ಬೈಯಬೇಡಿ. ಸ್ಟ್ರೋಕ್ ಆದ ಮೇಲಿನ ಸುಸ್ತು ಮಾಮೂಲಿ ಸುಸ್ತಲ್ಲ. ಮಲಗಿ ಎದ್ದರೂ ಹೋಗಲ್ಲ.

ನಂಜನಗೂಡು ರಸಬಾಳೆ · ಬುಧವಾರ ಬೆಳಿಗ್ಗೆ 10:20

ಕ್ಯಾಲೆಂಡರ್ ಇದ್ದರೆ ಬ್ಯಾಂಡ್ ಯಾಕೆ ಬೇಕು ಅಂತ ಇನ್ನೂ ಕೇಳುತ್ತೇನೆ! ಆದರೆ ಈ ತರಹ ಬಳಸಿದ್ದರೆ ನಮ್ಮ ತಾಯಿಯದ್ದು ಡ್ರಾಯರಿಗೆ ಹೋಗುತ್ತಿರಲಿಲ್ಲವೇನೋ. ನಾವು ಕಟ್ಟಿ ಬಿಟ್ಟೆವು, ಯಾರೂ ಜೊತೆಗೆ ಕೂತು ನೋಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ದಾವಣಗೆರೆ ಫಿಸಿಯೋ · ಬುಧವಾರ ರಾತ್ರಿ 9:30

ನಿಮ್ಮ ತಾಯಿಯವರಿಗೆ ಈಗಲೂ ತಡ ಆಗಿಲ್ಲ ಸರ್. ಮೊದಲ ಮೂರು ತಿಂಗಳು ಬೇಗ ಬೇಗ ಸುಧಾರಿಸುತ್ತದೆ, ನಿಜ. ಆಮೇಲೆ ಬಾಗಿಲು ಮುಚ್ಚಲ್ಲ. ವರ್ಷಗಳ ಮೇಲೂ ಕೈ ಬಳಕೆ ಹೆಚ್ಚಿಸಿಕೊಂಡವರಿದ್ದಾರೆ.

ಅರಸೀಕೆರೆ ಮೇಡಂ, ಕೈಗೆ ಗ್ರಾಸ್ಪ್ ಅನ್ನುವ ವ್ಯಾಯಾಮ ಪುಸ್ತಕ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್‌ನಲ್ಲಿದ್ದರೂ ಚಿತ್ರಗಳಿವೆ. ನಿಮ್ಮ ಫಿಸಿಯೋಗೆ ತೋರಿಸಿ, ಅಪ್ಪನಿಗೆ ಹೊಂದುವ ಐದಾರನ್ನು ಅವರೇ ಗುರುತು ಹಾಕಿಕೊಡಲಿ. ನಿಮ್ಮ ಜಿಲ್ಲಾಸ್ಪತ್ರೆಯಲ್ಲೂ ಫಿಸಿಯೋ ವಿಭಾಗ ಇದೆಯಾ ವಿಚಾರಿಸಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಮಿದುಳು ಆರೋಗ್ಯ ಯೋಜನೆ ನಡೆಸುತ್ತಿದೆ, ಅದರ ಕ್ಲಿನಿಕ್ ಬಗ್ಗೆಯೂ ಕೇಳಿ.

ಅರಸೀಕೆರೆ ಮಗಳು · ಹದಿನೇಳು ದಿನದ ನಂತರ, ಶನಿವಾರ ರಾತ್ರಿ 10:05

ಊರಿನಿಂದ ಬರೆಯುತ್ತಿದ್ದೇನೆ. 50 ಹೆಜ್ಜೆ ಪರೀಕ್ಷೆ ಮೂರು ಸಲ ಮಾಡಿದೆವು. 46, 48, 44 ಬಂತು. ದಿನದ ಹೆಜ್ಜೆ ಮೊದಲ ವಾರ 600ರ ಹತ್ತಿರ ಇತ್ತು. ಈ ವಾರ 900 ದಾಟಿದೆ. ಒಂದು ದಿನ ಕ್ಯಾಲೆಂಡರ್ ಖಾಲಿ ಇದೆ, ಯಾರೂ ಕೇಳಲಿಲ್ಲ. ಮಾರನೇ ದಿನ ತಾನಾಗಿ ಎದ್ದರು.

ಕೈಗೆ ಗಂಟೆಗೊಂದು ಅಲಾರಂ ಇಡೋಕೆ ಇನ್ನೊಂದು ಹಳೆಯ ಬ್ಯಾಂಡ್ ಸಿಕ್ಕಿತು. ಎಡಗೈಗೆ ಸಡಿಲವಾಗಿ ಕಟ್ಟುತ್ತೇವೆ, ರಾತ್ರಿ ಬಿಚ್ಚಿ ಚರ್ಮ ನೋಡುತ್ತೇವೆ. ಅದು ನಡುಗಿದಾಗ ಅಪ್ಪ ಅವರೆಕಾಯಿ ಬುಟ್ಟಿ ಎಳೆದುಕೊಳ್ಳುತ್ತಾರೆ. ಎಡಗೈಯಲ್ಲಿ ಕಾಯಿ ಒತ್ತಿ ಹಿಡಿಯೋದು, ಬಲಗೈಯಲ್ಲಿ ಸುಲಿಯೋದು. ಹತ್ತು ಕಾಯಿ ಆದರೆ ಒಂದು ಕೆಂಪು ಗೀಟು. ಬೆರಳು ಬಿಡಿಸೋದು ಇನ್ನೂ ಕಷ್ಟವೇ. ಅದರಲ್ಲಿ ಬದಲಾವಣೆ ಕಂಡಿಲ್ಲ. ಫಿಸಿಯೋ ಸೋಮವಾರ ಬರುತ್ತಾರೆ, ಕ್ಯಾಲೆಂಡರ್ ತೋರಿಸಬೇಕು ಅಂತ ಅಪ್ಪ ಅದನ್ನು ಮೊಳೆಯಿಂದ ಇಳಿಸಿ ಈಗಲೇ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ.

ಕಣಕಾಲಿನ ಪಟ್ಟಿ ಬೆವರಿಗೆ ಉಜ್ಜಿ ಸ್ವಲ್ಪ ಕೆಂಪಾಗಿದೆ. ಬಟ್ಟೆ ಪಟ್ಟಿ ಒಳ್ಳೆಯದಾ, ಸಾಕ್ಸ್ ಮೇಲೆ ಕಟ್ಟಬಹುದಾ?

ಸೆನ್ಸರ್ ಹುಡುಗ · ಶನಿವಾರ ರಾತ್ರಿ 10:11

ಹೆಜ್ಜೆ ಎಣಿಸೋಕೆ ಚರ್ಮ ಮುಟ್ಟಲೇಬೇಕು ಅಂತಿಲ್ಲ. ತೆಳು ಹತ್ತಿ ಸಾಕ್ಸ್ ಮೇಲೆ ಕಟ್ಟಿ. ಕೆಲವು ಬ್ಯಾಂಡ್ "ಕೈಯಲ್ಲಿಲ್ಲ" ಅಂದುಕೊಂಡು ನಿಂತುಬಿಡಬಹುದು, ಹಾಗಾಗಿ 50 ಹೆಜ್ಜೆ ಮತ್ತೊಮ್ಮೆ ನಡೆಸಿ ನೋಡಿ.

ಕರಾವಳಿ ಅಕ್ಕ · ಶನಿವಾರ ರಾತ್ರಿ 10:20

ಕೆಂಪು ಹೋಗುವವರೆಗೆ ಎರಡು ದಿನ ಬಿಚ್ಚಿಡಿ. ಸಕ್ಕರೆ ಕಾಯಿಲೆ ಇದೆಯಾ ಅಪ್ಪನಿಗೆ? ಇದ್ದರೆ ಆ ಜಾಗವನ್ನು ದಿನಾ ನೋಡಿ.

ಅರಸೀಕೆರೆ ಮಗಳು · ಶನಿವಾರ ರಾತ್ರಿ 10:24

ಇದೆ ಅಕ್ಕ. ನಾಳೆಯಿಂದ ಎರಡು ದಿನ ಅಮ್ಮನೇ ಬಾಯಲ್ಲಿ ಎಣಿಸುತ್ತಾರಂತೆ.